ಅವರೇ ನಿಂತು ಅವರೇ ಎಣಿಸಿದಾಗ

ಕಲಬುರಗಿಯ ಉಪನ್ಯಾಸಕಿ, ವಯಸ್ಸು 29. ಗುರುತು ಸಿಗದಂತೆ ಕೆಲ ವಿವರ ಬದಲಿಸಿದೆ. ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ಸ್ವಯಂಸೇವಕರ ಬಳಗದಲ್ಲಿ ನಾಲ್ಕು ವರ್ಷ ದುಡಿದವರು. ಬಳಗದ ಸಮಿತಿ ಚುನಾವಣೆಯಲ್ಲಿ 3 ಮತದಿಂದ ಸೋತ ಮೇಲೆ ನಿದ್ದೆ ಹಾರಿಹೋಗಿ, ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದಿದ್ದರು. "ಅವರೇ ನಿಂತಾರ, ಅವರೇ ಎಣಿಸ್ಯಾರ. ಕೇಳಿದ್ರ, ಸೋತಿದ್ದಕ್ಕ ಒದರ್ಲಾಕತ್ತಾಳ ಅಂತಾರ್ರಿ ಮೇಡಂ."

ಮೊದಲ ಭೇಟಿಯಲ್ಲಿ ಹಾಳೆಯ ನಡುವೆ ಗೆರೆ ಎಳೆಸಿದೆ. ಎಡಕ್ಕೆ ಕಣ್ಣಾರೆ ಕಂಡದ್ದು, ಬಲಕ್ಕೆ ಊಹಿಸಿದ್ದು. ಎಡಕ್ಕೆ ಮೂರೇ ಸಾಲು: ಮತ ಪಡೆಯಲು ಗೂಗಲ್ ಫಾರ್ಮ್ ಮಾಡಿದವರೂ ಅಭ್ಯರ್ಥಿ, ಗಡುವು ಕೊನೆಯ ಸಂಜೆ ಒಂದು ದಿನ ಮುಂದೆ ಹೋಯಿತು, ಮತದಾರರ ಪಟ್ಟಿ ಯಾರೂ ನೋಡಿಲ್ಲ. ಬಲಕ್ಕೆ "ಮೋಸ" ಎಂದು ಐದು ಸಲ. ಒಂದು ಕಡೆ ಪೆನ್ನು ಒತ್ತಿ ಹಾಳೆ ಹರಿದಿತ್ತು.

ಮೋಸ ನಡೆದಿಲ್ಲ ಎಂದು ನಾನು ಹೇಳಲಿಲ್ಲ. ಹೇಳುವ ಆಧಾರ ಯಾರ ಬಳಿಯೂ ಇರಲಿಲ್ಲ. ಫಾರ್ಮ್ ಯಾರದೋ ಅವರು ಉತ್ತರಗಳ ಹಾಳೆ ತಿದ್ದಬಹುದು. ಇಮೇಲ್ ಪಡೆದರೆ ಯಾರು ಯಾರಿಗೆ ಹಾಕಿದರೆಂದು ಅವರಿಗೆ ಕಾಣುತ್ತದೆ. ಲಾಗಿನ್ ಕೇಳದಿದ್ದರೆ ಒಬ್ಬರೇ ಎರಡು ಸಲ ಹಾಕಬಹುದು. ಆ ವ್ಯಕ್ತಿ ಪ್ರಾಮಾಣಿಕರಾಗಿದ್ದರೂ ಅದನ್ನು ತೋರಿಸಿಕೊಡಲು ಅವರಿಗೆ ದಾರಿ ಉಳಿದಿರಲಿಲ್ಲ.

ಕೇಳುವುದು ಸೋತವರ ಹಠ ಎಂಬ ಅಳುಕು ಆಕೆಯನ್ನು ಹೆಚ್ಚು ಕಾಡುತ್ತಿತ್ತು. ದೊಡ್ಡ ಬಳಗಗಳೂ ಇಂಥ ನಿಯಮ ಇಟ್ಟುಕೊಂಡಿವೆ ಎಂದು ಹೇಳಿದೆ. ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಕಟ್ಟುವ ಬಳಗದ ನಾಯಕರ ಚುನಾವಣೆಯಲ್ಲಿ ಮತ ಗುಟ್ಟು. ಆದರೂ ಫಲಿತಾಂಶದ ಜೊತೆ ಬರುವ, ಹೆಸರಿನ ಬದಲು ಗುಟ್ಟಿನ ಸಂಕೇತಗಳಿರುವ ಪಟ್ಟಿಯಲ್ಲಿ ಪ್ರತಿಯೊಬ್ಬರೂ ತಮ್ಮ ಮತ ಸರಿಯಾಗಿ ಸೇರಿದೆಯೇ ಎಂದು ತಾಳೆ ನೋಡಬಹುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ನೋಡಿಕೊಳ್ಳುವ ಐವರ ಮಂಡಳಿಯಲ್ಲಿ ಒಂದೇ ಸಂಸ್ಥೆಯ ನೌಕರರು ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ಇದನ್ನು ಕೇಳಿ ಆಕೆ ನೀಳವಾಗಿ ಉಸಿರು ಬಿಟ್ಟರು.

ಸಲಹೆ ಹೀಗಿತ್ತು. ರಾತ್ರಿ ಬರೆದದ್ದನ್ನು ಬೆಳಿಗ್ಗೆ ಓದಿಯೇ ಕಳಿಸಿ. ಪತ್ರದಲ್ಲಿ "ಮೋಸ" ಎಂಬ ಪದ ಬೇಡ, ಮೂರು ಪ್ರಶ್ನೆ ಸಾಕು: ಮತದಾರರೆಷ್ಟು, ಬಂದ ಮತವೆಷ್ಟು, ಗಡುವು ಬದಲಿಸಿದ್ದು ಯಾರ ತೀರ್ಮಾನ? ಜೊತೆಗೆ ಮುಂದಿನ ಸಲಕ್ಕೆ ಬೇಡಿಕೆ: 7 ದಿನ ಮೊದಲೇ ಪಟ್ಟಿ ಪ್ರಕಟವಾಗಲಿ. ಪಟ್ಟಿ ಹಿಡಿದು ಸಂಕೇತ ಹಂಚುವವರು ಒಬ್ಬರು, ಮತ ಎಣಿಸುವವರು ಇನ್ನೊಬ್ಬರು, ಇಬ್ಬರೂ ಅಭ್ಯರ್ಥಿಗಳಲ್ಲ. ಪ್ರತಿ ಸದಸ್ಯರಿಗೂ ಒಮ್ಮೆ ಮಾತ್ರ ಬಳಸುವ ಸಂಕೇತ. ಕೊನೆಗೆ ಸಂಕೇತ ಮತ್ತು ಮತ ಹೆಸರಿಲ್ಲದೆ ಪ್ರಕಟ. ಸಂಕೇತವನ್ನು ಗೆಳೆಯರಿಗೂ ತೋರಿಸಕೂಡದು, ತೋರಿಸಿದರೆ ಒತ್ತಾಯಕ್ಕೆ ಬಾಗಿಲು ತೆರೆದಂತೆ.

ನಾಲ್ಕು ದಿನಕ್ಕೆ ಉತ್ತರ ಬಂತು. ಮತದಾರರು 41, ಮತ 38. ಗಡುವು ಬದಲಿಸಿದ್ದು ಒಬ್ಬರದೇ ತೀರ್ಮಾನ, ಅದಕ್ಕೆ ಅವರು ಕ್ಷಮೆ ಕೇಳಿದ್ದರು. ಫಲಿತಾಂಶ ಬದಲಾಗಲಿಲ್ಲ, ಬೇಡಿಕೆ ಒಪ್ಪಿದರು. ಆಕೆಗೆ ಈಗ ನಿದ್ದೆ ಬರುತ್ತಿದೆ. ಆದರೆ ಆಕೆಯೂ ಫಾರ್ಮ್ ಮಾಡಿದವರೂ ಒಂದೇ ಪದಪಟ್ಟಿಯ ಮೇಲೆ ಕೆಲಸ ಮಾಡುತ್ತಾರೆ, ಮಾತು ಇನ್ನೂ ಶುರುವಾಗಿಲ್ಲ. ಮುಂದಿನ ಭೇಟಿ ಅದಕ್ಕೇ.