ಮೊದಲು ಗೋಡೆ, ಆಮೇಲೆ ಮನುಷ್ಯ

ಊರಿನ ಬೀದಿಗಳಲ್ಲಿ ಕ್ಯಾಮೆರಾ, ಮೊಬೈಲ್ ಹಿಡಿದು ಓಡಾಡುವ ಓದುಗರ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ದೂರು ಒಂದೇ: ಕಣ್ಣಿಗೆ ಚೆಂದ ಕಂಡದ್ದು ಫೋಟೊದಲ್ಲಿ ಕಲಸುಮೇಲೋಗರ.

ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಅಂಗಡಿಗಳ ಫೋಟೊ ಎಷ್ಟು ತೆಗೆದರೂ ಬರೀ ಜನಜಂಗುಳಿ ಕಾಣುತ್ತದೆ. ಏನು ಮಾಡಬೇಕು?
ಓದುಗರು, ಬಸವನಗುಡಿ

ಎದುರಿಗೆ ನಿಂತಾಗ ನಿಮ್ಮ ಕಣ್ಣು ಒಂದೊಂದನ್ನೇ ಆರಿಸಿ ನೋಡುತ್ತದೆ. ಎರಡು ಕಣ್ಣುಗಳಿರುವುದರಿಂದ ಹತ್ತಿರದ ಬುಟ್ಟಿ ಬೇರೆ, ದೂರದ ಕಂಬ ಬೇರೆ ಎಂದು ತಾನಾಗಿ ಗೊತ್ತಾಗುತ್ತದೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು. ಅದು ಹತ್ತಿರದ್ದನ್ನೂ ದೂರದ್ದನ್ನೂ ಒಂದೇ ಹಾಳೆಗೆ ಅಂಟಿಸುತ್ತದೆ. ಹೂ ಕಟ್ಟುವವರ ಭುಜಕ್ಕೆ ಹಿಂದಿನವರ ಮುಖ ಅಂಟಿಕೊಳ್ಳುತ್ತದೆ, ತಲೆಯಿಂದ ಕಂಬ ಮೊಳೆಯುತ್ತದೆ. ಒಂದರ ಮೇಲೊಂದು ಬಿದ್ದದ್ದನ್ನು ಬಿಡಿಸುವುದೇ ಇಲ್ಲಿ ಅರ್ಧ ಕೆಲಸ, ಮತ್ತು ಅದನ್ನು ಲೆನ್ಸ್ ಮಾಡುವುದಿಲ್ಲ, ಕಾಲು ಮಾಡಬೇಕು.

ಸುಲಭದ ದಾರಿ ಮೇಲಕ್ಕೆ ಹತ್ತುವುದು. ಹೂವಿನ ಅಂಗಡಿಗಳು ಕೆಳಗೆ ಕಾಣುವ ಮೇಲಂತಸ್ತಿನ ಕಟಕಟೆಯಿಂದ ನೋಡಿದರೆ ನೆಲವೇ ಹಿನ್ನೆಲೆಯಾಗುತ್ತದೆ, ತಲೆಗಳು ಒಂದಕ್ಕೊಂದು ತಾಗುವುದು ನಿಂತುಹೋಗುತ್ತದೆ. ಆದರೆ ಎಲ್ಲರೂ ತೆಗೆಯುವ ಫೋಟೊ ಅದೇ ಆದ್ದರಿಂದ ಇಡೀ ಅಂಗಳವನ್ನು ತುಂಬಿಸಿಕೊಳ್ಳುವ ಆಸೆ ಬಿಡಿ. 50ರಿಂದ 85 ಎಂಎಂ ಲೆನ್ಸ್, ಮೊಬೈಲ್ ಆದರೆ 2ಎಕ್ಸ್ (ಎರಡು ಪಟ್ಟು ಜೂಮ್), ಸಾಕು. ಒಂದು ಬಣ್ಣ ಆರಿಸಿ. ಚೆಂಡುಹೂವಿನ ಕಿತ್ತಳೆ ರಾಶಿ ಚೌಕಟ್ಟಿನ ಮೂರರಲ್ಲಿ ಎರಡು ಪಾಲು ತುಂಬಲಿ, ಉಳಿದ ಪಾಲಿನಲ್ಲಿ ಒಂದು ಓಣಿ ಬರಲಿ. ಆಮೇಲೆ ಕ್ಯಾಮೆರಾ ಅಲ್ಲಾಡಿಸದೆ ಕಾಯಿರಿ. ಆ ಓಣಿಯಲ್ಲಿ ಬಿಳಿ ಸುಗಂಧರಾಜದ ಗಂಟು ಹೊತ್ತವರೋ ನೀಲಿ ಅಂಗಿಯವರೋ ಬಂದೇ ಬರುತ್ತಾರೆ. ಕಿತ್ತಳೆಯ ಎದುರು ನೀಲಿ ಎದ್ದು ಕಾಣುತ್ತದೆ. ಕೆಂಪು ಅಂಗಿ ಬಂದರೆ ರಾಶಿಯಲ್ಲಿ ಕರಗಿಹೋಗುತ್ತದೆ, ಬಿಟ್ಟುಬಿಡಿ. ಹೊತ್ತು ಏರಿದಷ್ಟೂ ರಾಶಿಗಳು ಕರಗಿ ಬರಿಯ ಗೋಣಿಚೀಲ ಉಳಿಯುತ್ತದೆ, ಆದ್ದರಿಂದ ಸೂರ್ಯ ಹುಟ್ಟುವ ಹೊತ್ತಿಗೇ ಅಲ್ಲಿರುವುದು ಮೇಲು.

ಕೆಳಗೇ ನಿಂತು ತೆಗೆಯುವುದಾದರೆ ಕ್ರಮ ತಿರುಗಿಸಿ. ಚೆಂದದ ಮುಖ ಕಂಡು ಅದರ ಹಿಂದೆ ಓಡುವವರಿಗೆ ಹಿನ್ನೆಲೆ ಎಂದೂ ಸಿಕ್ಕುವುದಿಲ್ಲ. ಮೊದಲು ಹಿನ್ನೆಲೆ ಹುಡುಕಿ: ಮುಚ್ಚಿದ ರೋಲಿಂಗ್ ಷಟರ್, ಸುಣ್ಣದ ಗೋಡೆ, ನೆರಳಿನ ಕಪ್ಪು ಬಾಗಿಲು. ಪಕ್ಕದ ಅವೆನ್ಯೂ ರಸ್ತೆಯಲ್ಲಿ ಅಂಗಡಿ ತೆರೆಯುವ ಮುನ್ನ ಬಣ್ಣ ಬಳಿದ ಷಟರ್‌ಗಳು ಸಾಲುಸಾಲಾಗಿ ಸಿಗುತ್ತವೆ. ಗೋಡೆಗೆ ನೇರ ಎದುರಾಗಿ, ಮೂರು ನಾಲ್ಕು ಮೀಟರ್ ದೂರದಲ್ಲಿ ನಿಲ್ಲಿ. ಚೌಕಟ್ಟಿನ ನಾಲ್ಕು ಅಂಚುಗಳನ್ನು ಒಂದು ಸುತ್ತು ನೋಡಿ. ಅರ್ಧ ತುಂಡಾದ ಸ್ಕೂಟರ್, ಕಸದ ಬುಟ್ಟಿಯ ಮೂಲೆ ಇದ್ದರೆ ಒಂದು ಹೆಜ್ಜೆ ಪಕ್ಕಕ್ಕೆ. ಖಾಲಿ ಗೋಡೆಯ ಒಂದು ಫೋಟೊ ತೆಗೆದು ಬೆಳಕು ಸರಿಯಿದೆಯೇ ಎಂದು ಪರೀಕ್ಷಿಸಿ. ನಂತರ ಜನ ಬರಲಿ. ನಡೆಯುವವರ ಎರಡೂ ಕಾಲುಗಳು ಅಗಲಿ ತ್ರಿಕೋನವಾದಾಗ ಒತ್ತಬೇಕು. ಕಾಲುಗಳು ಒಂದಕ್ಕೊಂದು ಅಡ್ಡವಾದ ಕ್ಷಣದಲ್ಲಿ ಒತ್ತಿದರೆ ಮನುಷ್ಯ ಒಂಟಿಕಾಲಿನಲ್ಲಿ ನಿಂತಂತಿರುತ್ತಾನೆ. ಕ್ಯಾಮೆರಾದ ಷಟರ್ ವೇಗ, ಅಂದರೆ ಬೆಳಕು ಒಳಬರಲು ಅದು ತೆರೆದಿರುವ ಹೊತ್ತು, 1/250 ಸೆಕೆಂಡಿಗಿಂತ ನಿಧಾನವಾಗದಿರಲಿ, 1/500 ಇದ್ದರೆ ನೆಮ್ಮದಿ.

ಇನ್ನೊಂದು ತೊಂದರೆ ನೀಲಿ ಟಾರ್ಪಾಲಿನದು. ಅದರ ಕೆಳಗೆ ಕೂತವರ ಮುಖ ಫೋಟೊದಲ್ಲಿ ನೀಲಿಗಟ್ಟುತ್ತದೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಫೋಟೊ ಹೊಂದಿಸುವ ಆಯ್ಕೆ) ಬದಲಿಸಿದರೆ ಮುಖ ಸರಿಹೋಗಿ, ಹೊರಗಿನ ಬಿಸಿಲು ಬಿದ್ದ ಹೂವು ಹಳದಿಗೆ ತಿರುಗುತ್ತದೆ. ಎರಡು ಬಗೆಯ ಬೆಳಕನ್ನು ಒಂದೇ ಗುಂಡಿಯಿಂದ ಸರಿಮಾಡಲು ಬರುವುದಿಲ್ಲ. ಅವರು ಟಾರ್ಪಾಲಿನ ಅಂಚಿಗೆ ಬಾಗಿ ಹೂ ಕೊಡುವ ಗಳಿಗೆಗೆ ಕಾಯುವುದೇ ಪರಿಹಾರ.

ನನಗೆ ಬಿಡುವು ಸಿಗುವುದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಾತ್ರ. ಆ ಬಿಸಿಲಿನಲ್ಲಿ ಫೋಟೊ ತೆಗೆಯಬಾರದು ಎನ್ನುತ್ತಾರೆ. ನಿಜವೇ?
ಓದುಗರು, ಮಲ್ಲೇಶ್ವರ

ಮುಖಗಳ ಫೋಟೊ ಬೇಡ, ನಿಜ. ಕಣ್ಣಿನ ಕುಳಿಗಳಲ್ಲಿ ಕಪ್ಪು ತುಂಬಿಕೊಳ್ಳುತ್ತದೆ. ಆದರೆ ಬೀದಿಯಲ್ಲಿ ಮುಖವೊಂದೇ ಇಲ್ಲವಲ್ಲ!

ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಹಾಗೂ ಆಗಸ್ಟ್ ಮೂರನೇ ವಾರದಲ್ಲಿ, ಮಧ್ಯಾಹ್ನ 12.20ರ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಡಿಸೆಂಬರ್‌ನಲ್ಲಿ ಹಾಗಲ್ಲ. ನಡುಮಧ್ಯಾಹ್ನದಲ್ಲೂ ನೆರಳು ವಸ್ತುವಿನ ಎತ್ತರದ ಮುಕ್ಕಾಲು ಪಾಲು ಉದ್ದವಿರುತ್ತದೆ. ಅಂದರೆ ನವೆಂಬರ್‌ನಿಂದ ಜನವರಿವರೆಗೆ ನಿಮ್ಮ ಊಟದ ಬಿಡುವು ಒಳ್ಳೆಯ ಬೆಳಕಿನ ಹೊತ್ತೇ. ಬೇಸಿಗೆಯಲ್ಲಿ ಕಟ್ಟಡದ ಸಜ್ಜಾ, ಮೆಟ್ರೊ ಸೇತುವೆಯ ಅಡಿ, ಮರದ ನೆರಳು ಹುಡುಕಿ. ಅಲ್ಲಿ ಬಿಸಿಲು ಪಟ್ಟಿಪಟ್ಟಿಯಾಗಿ ಬಿದ್ದಿರುತ್ತದೆ. ಅಂಥ ಒಂದು ಪಟ್ಟಿಗೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ) ಹೊಂದಿಸಿ: ಮೊಬೈಲ್‌ನಲ್ಲಿ ಬಿಸಿಲು ಬಿದ್ದ ಜಾಗವನ್ನು ಒತ್ತಿ ಹಿಡಿದು ಲಾಕ್ ಮಾಡಿ, ಪಕ್ಕದ ಸೂರ್ಯನ ಗುರುತನ್ನು ಕೊಂಚ ಕೆಳಗೆ ಎಳೆಯಿರಿ. ಕ್ಯಾಮೆರಾದಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 200, ಎಫ್/8 (ಲೆನ್ಸ್ ತೆರೆಯುವ ಅಳತೆ), ಷಟರ್ 1/800ರಿಂದ ಶುರುಮಾಡಿ. ಸುತ್ತಲಿನದೆಲ್ಲ ಕಪ್ಪಾಗಿ, ಪಟ್ಟಿಯೊಳಗೆ ಕಾಲಿಟ್ಟವರು ಮಾತ್ರ ಬೆಳಗುತ್ತಾರೆ. ನೆರಳು, ಬಿಸಿಲು ಎರಡನ್ನೂ ಸಮಮಾಡುವ ಮೊಬೈಲ್‌ನ ಎಚ್‌ಡಿಆರ್ ಚಾಲೂ ಇದ್ದರೆ ಆ ಕಪ್ಪನ್ನೆಲ್ಲ ಅದು ಬೂದು ಮಾಡಿಬಿಡುತ್ತದೆ. ಆಫ್ ಮಾಡಲು ಬಿಡದ ಫೋನುಗಳೂ ಇವೆ. ಆಗ ಎಡಿಟ್ ಮಾಡುವಾಗ ನೆರಳನ್ನು ಮತ್ತೆ ಕಪ್ಪಿಗೆ ಇಳಿಸಬೇಕಾಗುತ್ತದೆ.

ವಾರದ ಕೊನೆಯಲ್ಲಿ ಬೆಳಗ್ಗೆ ಏಳಲು ಮನಸ್ಸಾದರೆ ನಿಮ್ಮ ಬಡಾವಣೆಯದೇ ಒಂದು ಅನುಕೂಲವಿದೆ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಹೆಚ್ಚುಕಡಿಮೆ ಉತ್ತರ-ದಕ್ಷಿಣ, ಅಡ್ಡರಸ್ತೆಗಳು ಪೂರ್ವ-ಪಶ್ಚಿಮ. ಆದ್ದರಿಂದ ಎಳೆಬಿಸಿಲು ಎಂಟನೇ ಅಡ್ಡರಸ್ತೆಯಂಥವುಗಳ ಉದ್ದಕ್ಕೂ ಹಾಯುತ್ತದೆ. ಸೂರ್ಯ ಹುಟ್ಟಿದ ಒಂದು ಗಂಟೆಗೆ ನೆರಳು ಎತ್ತರದ ನಾಲ್ಕು ಪಟ್ಟಿನ ಹತ್ತಿರ, ಎರಡು ಗಂಟೆಗೆ ಎರಡು ಪಟ್ಟಿಗಿಂತ ಸ್ವಲ್ಪ ಕಡಿಮೆ, ಮೂರು ಗಂಟೆಗೆ ಆಳುದ್ದ. ಸೂರ್ಯನಿಗೆ ಎದುರಾಗಿ ನಿಂತರೆ ಆಕೃತಿ ಕಪ್ಪಾಗಿ, ನೆರಳು ನಿಮ್ಮತ್ತ ಚಾಚುತ್ತದೆ. ಬೆನ್ನು ಕೊಟ್ಟು ನಿಂತರೆ ನಿಮ್ಮ ನೆರಳೇ ಚೌಕಟ್ಟಿನೊಳಗೆ ನುಗ್ಗುತ್ತದೆ, ಎಚ್ಚರ.

ಮೊಬೈಲ್‌ನಲ್ಲಿ ಯಾವ ಲೆನ್ಸ್ ಬಳಸಲಿ?
ಓದುಗರು, ಹುಬ್ಬಳ್ಳಿ

1ಎಕ್ಸ್ ಮತ್ತು 2ಎಕ್ಸ್ ಸಾಕು. ಹೆಚ್ಚಿನ ಫೋನುಗಳ 1ಎಕ್ಸ್ ಅಂದರೆ ಸುಮಾರು 24ರಿಂದ 26 ಎಂಎಂ. ಮೂರು ಮೀಟರ್ ದೂರದಲ್ಲಿ ನಾಲ್ಕೂವರೆ ಮೀಟರ್‌ನಷ್ಟು ಅಗಲವನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. 2ಎಕ್ಸ್ ಹಿಡಿಯುವುದು ಅದರ ಅರ್ಧ. ಜನಜಂಗುಳಿಯಲ್ಲಿ ಈ ಅರ್ಧವೇ ಬೇಕಾದದ್ದು. ಅಲ್ಟ್ರಾ ವೈಡ್ ಲೆನ್ಸ್ ಅಂಚಿನಲ್ಲಿರುವವರ ತಲೆ ಹಿಗ್ಗಿಸುತ್ತದೆ, ಬೀದಿಗೆ ಅದು ಬೇಡ. ಗ್ರಿಡ್ ಗೆರೆಗಳನ್ನು ಆನ್ ಮಾಡಿ, ವಾಲ್ಯೂಮ್ ಗುಂಡಿಯಿಂದ ಕ್ಲಿಕ್ಕಿಸಿ. ಹೊರಡುವ ಮುನ್ನ ಲೆನ್ಸ್ ಒರೆಸಿ. ಜೇಬಿನ ಎಣ್ಣೆಪಸೆಯೇ ದೀಪಗಳ ಸುತ್ತ ಮಂಜು ಕವಿಸುವುದು.

ಮಳೆ ನಿಂತಮೇಲೆ ರಸ್ತೆಗುಂಡಿಯ ನೀರಿನಲ್ಲಿ ಕಟ್ಟಡದ ಪ್ರತಿಬಿಂಬ ತೆಗೆಯಲು ಹೋದರೆ ಬರೀ ಕೆಸರು ನೀರು ಬರುತ್ತದೆ.
ಓದುಗರು, ಮಂಗಳೂರು

ನಿಂತು ಮೇಲಿನಿಂದ ನೋಡುತ್ತಿದ್ದೀರಿ. ಮೇಲಿನಿಂದ ನೋಡಿದರೆ ನೀರಿನ ತಳ ಕಾಣುತ್ತದೆ. ಓರೆಯಾಗಿ ನೋಡಿದಷ್ಟೂ ನೀರು ಕನ್ನಡಿಯಾಗುತ್ತದೆ. ಫೋನನ್ನು ತಲೆಕೆಳಗು ಮಾಡಿ. ಲೆನ್ಸ್ ಇರುವ ತುದಿ ನೀರಿನಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಬರಲಿ. ತಟ್ಟೆಯಗಲದ ನೀರು ಕೂಡ ಆಗ ಅರ್ಧ ಚೌಕಟ್ಟು ತುಂಬುತ್ತದೆ, ಆಳ ಬೇಕಾಗಿಲ್ಲ.

ಫೋಕಸ್ ಕೊಡಬೇಕಾದದ್ದು ನೀರಿನ ಮೇಲೆ ಅಲ್ಲ, ಪ್ರತಿಬಿಂಬದ ಮೇಲೆ. ಪ್ರತಿಬಿಂಬದ ದೂರ ಅಂದರೆ ನೀರಿನವರೆಗಿನ ದೂರ, ಅಲ್ಲಿಂದ ಕಟ್ಟಡದವರೆಗಿನ ದೂರ ಎರಡೂ ಕೂಡಿದ್ದು. ರಸ್ತೆಗುಂಡಿಯ ಅಂಚಿನ ಕಲ್ಲಿಗೆ ಕ್ಯಾಮೆರಾ ಫೋಕಸ್ ಮಾಡಿಕೊಂಡರೆ ಕಟ್ಟಡ ಮಸುಕಾಗುವುದು ಇದೇ ಕಾರಣಕ್ಕೆ. ಪ್ರತಿಬಿಂಬ ನಿಜವಾದ ಆಕಾಶಕ್ಕಿಂತ ಮಂಕಾಗಿರುತ್ತದೆ, ಎಕ್ಸ್‌ಪೋಷರ್ ಅದಕ್ಕೇ ಹೊಂದಿಸಿ. ಆಕಾಶ ಚೌಕಟ್ಟಿನಲ್ಲಿದ್ದು ಬಿಳಿಚಿಕೊಂಡರೆ ಅದನ್ನು ಹೊರಗಿಟ್ಟು ನೀರಿನೊಳಗಿನ ಆಕಾಶವನ್ನಷ್ಟೇ ಉಳಿಸಿಕೊಳ್ಳಿ. ವಾಹನ ಹೋದಮೇಲೆ ಅಲೆ ಅಡಗುವವರೆಗೆ ತಡೆಯಿರಿ. ಇಷ್ಟೆಲ್ಲ ಮಾಡುವುದು ಪಾದಚಾರಿ ದಾರಿಯ ಪಕ್ಕದ ನೀರಿನಲ್ಲಿ. ರಸ್ತೆ ನಡುವೆ ಕುಕ್ಕರಗಾಲಿನಲ್ಲಿ ಕೂರುವಷ್ಟು ಬೆಲೆ ಯಾವ ಫೋಟೊಗೂ ಇಲ್ಲ.

ಎಲ್ಲಿ ನೋಡಿದರೂ ವಿದ್ಯುತ್ ತಂತಿ, ಕೇಬಲ್, ಫ್ಲೆಕ್ಸ್. ಎಡಿಟ್ ಮಾಡಿ ಅಳಿಸಬಹುದೇ?
ಓದುಗರು, ದಾವಣಗೆರೆ

ಅಳಿಸಬೇಡಿ. ನಮ್ಮ ಊರುಗಳು ಇರುವುದೇ ಹಾಗೆ, ಮತ್ತು ತಂತಿ ಎಂದರೆ ಪುಕ್ಕಟೆ ಸಿಕ್ಕ ಗೆರೆ. ತಂತಿಗಳೆಲ್ಲ ಒಂದು ಕಂಬಕ್ಕೆ ಬಂದು ಸೇರುತ್ತವೆ. ಆ ಕಂಬದ ಕೆಳಗೆ ಯಾರಾದರೂ ನಿಂತರೆ, ನಿಮ್ಮ ಕಣ್ಣು ಎಲ್ಲ ಗೆರೆಗಳ ಮೇಲೂ ಹರಿದು ಅವರ ಬಳಿಗೇ ಬರುತ್ತದೆ. ಒಂದೇ ಒಂದು ತಂತಿ ಖಾಲಿ ಆಕಾಶವನ್ನು ಅಡ್ಡಡ್ಡ ಸೀಳಿದರೆ ಕಿರಿಕಿರಿ, ಇಪ್ಪತ್ತಿದ್ದರೆ ವಿನ್ಯಾಸ. ಕಿರಿಕಿರಿಯ ತಂತಿಯನ್ನು ತಪ್ಪಿಸಲು ಮಂಡಿಯೂರಿ ಅಥವಾ ಕಟ್ಟೆ ಹತ್ತಿ. ಅರ್ಧ ಮೀಟರ್ ಏರಿಳಿದರೆ ಸಾಕು, ತಂತಿ ಕಟ್ಟಡದ ಸೂರಿನ ಗೆರೆಯ ಹಿಂದೆ ಅಡಗುತ್ತದೆ ಅಥವಾ ಅದರ ಮೇಲೆ ಕೂರುತ್ತದೆ.

ಫ್ಲೆಕ್ಸ್, ನಾಮಫಲಕಗಳ ವಿಷಯ ಬೇರೆ. ಅಕ್ಷರ ಕಂಡಲ್ಲಿ ಓದುವುದು ಕಣ್ಣಿನ ಚಾಳಿ. ಫಲಕ ಪೂರ್ತಿ ಒಳಗಿರಲಿ ಇಲ್ಲವೇ ಪೂರ್ತಿ ಹೊರಗಿರಲಿ. ಅರ್ಧ ಪದ ತುಂಡಾಗಿ ಅಂಚಿನಲ್ಲಿ ನಿಂತರೆ ನೋಡುವವರು ಉಳಿದರ್ಧ ಊಹಿಸುತ್ತ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಫ್ಲೆಕ್ಸ್‌ನಲ್ಲಿರುವ ದೊಡ್ಡ ಮುಖದ ಕೆಳಗೆ ಅದೇ ಭಂಗಿಯಲ್ಲಿ ಯಾರೋ ಕೂತ ಹಾಸ್ಯದ ಫೋಟೊಗಳು ಈಗ ಸಾಕಷ್ಟಾಗಿವೆ ಎಂಬುದು ನಮ್ಮ ಅಭಿಪ್ರಾಯ.

ಓಡುವ ಆಟೊ ಸ್ಪಷ್ಟವಾಗಿ, ಹಿನ್ನೆಲೆ ಗೆರೆಗೆರೆಯಾಗಿ ಬರುವುದು ಹೇಗೆ?
ಓದುಗರು, ತುಮಕೂರು

ಷಟರ್ 1/30. ರಸ್ತೆಗೆ ನೇರವಾಗಿ, ಐದಾರು ಮೀಟರ್ ದೂರದಲ್ಲಿ ನಿಲ್ಲಿ. ಪಾದ ಆಟೊ ದಾಟಿಹೋಗುವ ಕಡೆಗಿರಲಿ, ಸೊಂಟದಿಂದ ಮೇಲೆ ಮಾತ್ರ ಬರುವ ಕಡೆಗೆ ತಿರುಗಲಿ. ಆಟೊ ಜತೆಗೇ ತಿರುಗುತ್ತ, ಎದುರಿಗೆ ಬಂದಾಗ ಒತ್ತಿ, ಒತ್ತಿದ ಮೇಲೂ ತಿರುಗುತ್ತಿರಿ. ಅಲ್ಲೇ ನಿಂತುಬಿಡುವುದು ಎಲ್ಲರೂ ಮಾಡುವ ತಪ್ಪು. ಗಂಟೆಗೆ 30 ಕಿ.ಮೀ. ವೇಗದ ಆಟೊ 1/30 ಸೆಕೆಂಡಿನಲ್ಲಿ 28 ಸೆಂ.ಮೀ. ಸಾಗುತ್ತದೆ, ನೀವು ನಿಂತರೆ ಅಷ್ಟೂ ಮಸುಕು. ನಡುಬಿಸಿಲಿನಲ್ಲಿ ಐಎಸ್‌ಒ 100, ಎಫ್/16 ಇಟ್ಟರೂ 1/30ಕ್ಕೆ ಫೋಟೊ ಬೆಳ್ಳಗಾಗುತ್ತದೆ. ಮೋಡವಿರುವ ದಿನ ಅಥವಾ ಸಂಜೆ ಆರರ ಮೇಲೆ ಪ್ರಯತ್ನಿಸಿ. ಬಹುಪಾಲು ಫೋಟೊಗಳು ಕೆಡುವುದು ಸಹಜ.

ರಾತ್ರಿ ತೆಗೆದ ಫೋಟೊಗಳಲ್ಲಿ ಬಸ್ಸಿನ ಫಲಕದ ಅಕ್ಷರ ಅರ್ಧಂಬರ್ಧ, ಅಂಗಡಿಯೊಳಗೆ ಅಡ್ಡ ಪಟ್ಟೆಗಳು. ಕ್ಯಾಮೆರಾ ಕೆಟ್ಟಿದೆಯೇ?
ಓದುಗರು, ಮೈಸೂರು

ಇಲ್ಲ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಆದ್ದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಷಟರ್ ಅದಕ್ಕಿಂತ ಚುರುಕಾದರೆ ಮಿನುಗಿನ ಒಂದು ತುಣುಕಷ್ಟೇ ಸಿಗುತ್ತದೆ. 1/100 ಅಥವಾ 1/50 ಇಡಿ, ಪಟ್ಟೆ ಮಾಯವಾಗುತ್ತದೆ. ಬಸ್ಸಿನ ಫಲಕದಲ್ಲಿ ದೀಪದ ಸಾಲುಗಳು ಒಂದಾದಮೇಲೊಂದು ಹೊತ್ತುವುದರಿಂದ ಅಲ್ಲಿಯೂ 1/60 ಅಥವಾ ಅದಕ್ಕಿಂತ ನಿಧಾನ ಬೇಕು, ಅಂದರೆ ನಿಂತ ಬಸ್ಸೇ ಆಗಬೇಕು. ದೇವರಾಜ ಮಾರುಕಟ್ಟೆಯಲ್ಲಿ ದೀಪ ಹಚ್ಚುವ ಹೊತ್ತಿನ ಇಪ್ಪತ್ತು ನಿಮಿಷ ಎಲ್ಲಕ್ಕಿಂತ ಲಾಭದ್ದು. ಆಕಾಶದಲ್ಲಿ ನೀಲಿ ಇನ್ನೂ ಉಳಿದು, ಬಲ್ಬಿನ ಹಳದಿಗೆ ಸಮನಾಗಿರುತ್ತದೆ. ಅದು ದಾಟಿದರೆ ಆಕಾಶ ಬರೀ ಕಪ್ಪು.

ಫೋಟೊ ತೆಗೆಯುವಾಗ ಯಾರಾದರೂ ಬೇಡ ಎಂದರೆ?
ಓದುಗರು, ಶಿವಮೊಗ್ಗ

ಅಳಿಸಿ, ಅಳಿಸಿದ್ದನ್ನು ತೋರಿಸಿ, ಮುಂದೆ ಹೋಗಿ. ಮಕ್ಕಳಾದರೆ ಜತೆಗಿರುವ ದೊಡ್ಡವರನ್ನು ಮೊದಲೇ ಕೇಳಿ. ವ್ಯಾಪಾರಿಗಳ ಬಳಿ ಗಿರಾಕಿ ಇರುವಾಗ ಎದುರಿಗೆ ನಿಂತು ಅಡ್ಡಿ ಮಾಡಬೇಡಿ. ಮೆಟ್ರೊ, ರೈಲು ನಿಲ್ದಾಣಗಳಲ್ಲಿ ಟ್ರೈಪಾಡ್ ಇಡುವ ಮುನ್ನ ಅನುಮತಿ ಕೇಳುವುದು ಒಳ್ಳೆಯದು. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳಲ್ಲಿ ಸಾಮಾನ್ಯ ಜನ ಎಷ್ಟು ನಿರಾಳವಾಗಿದ್ದಾರೆ ಎಂಬುದನ್ನು ಗಮನಿಸಿ. ದೂರದ ಲೆನ್ಸಿನಿಂದ ಕದ್ದು ತೆಗೆದರೆ ಆ ನಿರಾಳ ಬರುವುದಿಲ್ಲ.

ಚೌಕಟ್ಟನ್ನು ಮೂರು ಪಾಲು ಮಾಡಿ ಗೆರೆಯ ಮೇಲೆ ಮುಖ್ಯ ವಸ್ತು ಇಡಬೇಕೆಂಬ ನಿಯಮ ಕಡ್ಡಾಯವೇ? ಆಮೇಲೆ ಕ್ರಾಪ್ ಮಾಡಿದರೆ ತಪ್ಪೇ?
ಓದುಗರು, ಧಾರವಾಡ

ಎರಡಕ್ಕೂ ಇಲ್ಲ. ಆ ನಿಯಮ ಎಲ್ಲವನ್ನೂ ನಟ್ಟನಡುವೆ ಇಡುವ ಅಭ್ಯಾಸ ಬಿಡಿಸಲು ಒಳ್ಳೆಯದು, ಅಷ್ಟಕ್ಕೇ ಬಳಸಿ. ಎರಡು ಕಡೆಯೂ ಸಮನಾದ ಬಾಗಿಲು, ಮೆಟ್ಟಿಲು, ಮೆಟ್ರೊ ಕಂಬಗಳ ಸಾಲು ಸಿಕ್ಕಿದರೆ ನಡುವೆಯೇ ನಿಲ್ಲಿ. ಆಗ ಒಂದು ಅಡಿ ಆಚೀಚೆ ಆದರೂ ವಾಲಿದ್ದು ಎದ್ದು ಕಾಣುತ್ತದೆ. ನಡೆಯುವವರನ್ನು ಅಂಚಿನಲ್ಲಿಡುವುದಾದರೆ ಅವರು ಹೋಗುವ ಕಡೆ ಜಾಗ ಬಿಡಿ. ಹೊರಹೋಗುತ್ತಿರುವಂತೆ ಕಾಣಬೇಕೆಂದಿದ್ದರೆ ಮಾತ್ರ ತಿರುವುಮುರುವು ಮಾಡಿ.

ಕ್ರಾಪ್ ಮಾಡುವಾಗ ಮೊದಲು ಅಡ್ಡಗೆರೆ ನೆಟ್ಟಗೆ ಮಾಡಿ, ಏಕೆಂದರೆ ಹಾಗೆ ತಿರುಗಿಸಿದಾಗ ಮೂಲೆಗಳು ಕತ್ತರಿಸಿಹೋಗುತ್ತವೆ. ಆಮೇಲೆ ಅಂಚುಗಳ ಕಸ ತೆಗೆಯಿರಿ. ಕತ್ತರಿ ಮೊಣಕಾಲು, ಮೊಣಕೈ, ಹಿಮ್ಮಡಿಯ ಮೇಲೆ ಬೀಳದಿರಲಿ; ತೊಡೆಯ ನಡುವೆ ಅಥವಾ ಎದೆಯ ಮಟ್ಟಕ್ಕೆ ಬಿದ್ದರೆ ಸಹಜವಾಗಿರುತ್ತದೆ. 12 ಮೆಗಾಪಿಕ್ಸೆಲ್ ಫೋಟೊದ ಅಗಲ, ಎತ್ತರ ಎರಡನ್ನೂ ಅರ್ಧಕ್ಕೆ ಇಳಿಸಿದರೆ ಉಳಿಯುವುದು 3 ಮೆಗಾಪಿಕ್ಸೆಲ್. ಪೋಸ್ಟ್‌ಕಾರ್ಡ್ ಗಾತ್ರಕ್ಕೆ ಅದು ಧಾರಾಳ, ಗೋಡೆಗೆ ಹಾಕುವ 12x18 ಇಂಚಿನ ಪ್ರಿಂಟಿಗೆ ಸಾಲದು.