ಸಮೀಕ್ಷೆಯ ಖರ್ಚು ಯಾರ ಕೈಯಿಂದ?

ಪ್ರಶ್ನೆ: ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರ ಕೆಮ್ಮು, ಕಣ್ಣುರಿಗಳ ಕುರಿತು ಸಮೀಕ್ಷೆ ಕೈಗೊಳ್ಳಬೇಕೆಂದಿದ್ದೇನೆ. ಭಟ್ಟಿಯ ಮಾಲೀಕರೊಬ್ಬರು ಖರ್ಚು ಭರಿಸಲು ಮುಂದೆ ಬಂದಿದ್ದಾರೆ. ಇಂಥ ಸಮೀಕ್ಷೆಗಳಿಗೆ ವಿದೇಶಗಳಲ್ಲಿ ಹಣ ಕೊಡುವವರು ಯಾರು?
– ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ದೊಡ್ಡ ಸಮೀಕ್ಷೆಗಳಿಗೆ ಬಹುಪಾಲು ಸಾರ್ವಜನಿಕ ಹಣವೇ ಆಧಾರ. ಯುರೋಪಿನಲ್ಲಿ ಈ ಕೆಲಸ ಮಾಡುವುದು 1975ರಲ್ಲಿ ಸ್ಥಾಪನೆಯಾದ, ಡಬ್ಲಿನ್‌ನಲ್ಲಿರುವ ಯೂರೋಫೌಂಡ್ ಸಂಸ್ಥೆ. ಖರ್ಚು ಐರೋಪ್ಯ ಒಕ್ಕೂಟದ ಬಜೆಟ್ಟಿನದಾದರೂ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಈ ಮೂರೂ ಕಡೆಯವರು ಕೂರುತ್ತಾರೆ. ಹೀಗಾಗಿ ಏನು ಕೇಳಬೇಕೆಂಬುದು ಒಬ್ಬರ ಮರ್ಜಿಗೆ ಬಿಟ್ಟ ಮಾತಲ್ಲ. 2015ರಲ್ಲಿ ಅದು 35 ದೇಶಗಳ ಸುಮಾರು 44,000 ದುಡಿಯುವವರನ್ನು ಅವರವರ ಮನೆಯಲ್ಲೇ ಮಾತನಾಡಿಸಿತು. ಅಮೆರಿಕವು 1970ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕಾಯ್ದೆಯ ಮೂಲಕ ತಪಾಸಣೆ ನಡೆಸಿ ದಂಡ ಹಾಕುವ ಕಚೇರಿಯನ್ನು ಕಾರ್ಮಿಕ ಇಲಾಖೆಯಲ್ಲಿಯೂ ಸಂಶೋಧನೆ ನಡೆಸುವ ‘ನಯಾಷ್’ ಸಂಸ್ಥೆಯನ್ನು ಆರೋಗ್ಯ ಇಲಾಖೆಯಲ್ಲಿಯೂ ಇರಿಸಿತು. ಈ ನಯಾಷ್ 2002ರಿಂದ, ಮೊದಲೇ ನಡೆಯುತ್ತಿದ್ದ ಸಾಮಾನ್ಯ ಸಾಮಾಜಿಕ ಸಮೀಕ್ಷೆಯೊಂದಕ್ಕೆ ದುಡಿಮೆಯ ಗುಣಮಟ್ಟದ ಪ್ರಶ್ನೆಗಳನ್ನು ಸೇರಿಸುತ್ತ ಬಂದಿದೆ. ಖರ್ಚು ತಗ್ಗಿಸುವ ಜಾಣ ದಾರಿಯಿದು.

ನಿಮ್ಮ ಮಾಲೀಕರ ಹಣವನ್ನು ತೆಗೆದುಕೊಳ್ಳಬೇಡಿರೆಂದೇ ನನ್ನ ಸಲಹೆ. ಅವರ ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಹಣ ಯಾರದೆಂಬ ಸುದ್ದಿ ಸಂಜೆಯೊಳಗೆ ಕಾರ್ಮಿಕರ ಕೇರಿ ಮುಟ್ಟಿರುತ್ತದೆ. ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತ ಹೊಗೆಯ ನಡುವೆ ನಿಂತವನನ್ನು ಅಲ್ಲಿಯೇ ಕೇಳಿದರೆ, ಚೀಲಗಳ ಪಕ್ಕ ಕುಳಿತ ಯಜಮಾನರ ಕಡೆ ಒಮ್ಮೆ ನೋಡಿ, “ಏನೂ ತೊಂದ್ರೆ ಇಲ್ರೀ ಅಕ್ಕ” ಎಂದಾನು. ಅದೇ ಪ್ರಶ್ನೆಯನ್ನು ರಾತ್ರಿ ಅವನ ಮನೆಯಲ್ಲಿ ಕೇಳಿದರೆ ಅವನಿಗಿಂತ ಮೊದಲು ಹೆಂಡತಿಯೇ ಕೆಮ್ಮಿನ ಲೆಕ್ಕ ಒಪ್ಪಿಸುತ್ತಾಳೆ.

ಇನ್ನೊಂದು ಮಾತು. ಈಗ ದುಡಿಯುತ್ತಿರುವವರನ್ನಷ್ಟೇ ಕೇಳಿದರೆ ಉಸಿರು ಕಟ್ಟಿ ಕೆಲಸ ಬಿಟ್ಟವರು ಲೆಕ್ಕದಿಂದ ಜಾರಿ, ಭಟ್ಟಿಗಳೆಲ್ಲ ಆರೋಗ್ಯವಂತರಿಂದಲೇ ತುಂಬಿರುವಂತೆ ಕಾಣುತ್ತದೆ. ಉದ್ಯೋಗದಲ್ಲಿರುವವರನ್ನೇ ಮಾತನಾಡಿಸುವ ಯುರೋಪಿನ ಸಮೀಕ್ಷೆಯೂ ಈ ಕೊರತೆಯಿಂದ ಹೊರತಲ್ಲ. ಬಿಟ್ಟವರನ್ನು ಹುಡುಕಲು ಓಡಾಟ ಬೇಕು, ಓಡಾಟಕ್ಕೆ ಹಣ ಬೇಕು. ಅರ್ಜಿ ಬರೆಯುವಾಗ ಈ ಬಾಬ್ತನ್ನು ಸಂಕೋಚವಿಲ್ಲದೆ ಕಾಣಿಸಿ.

ನಮ್ಮಲ್ಲಿ ಆರೋಗ್ಯ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅನುದಾನ ನೀಡುತ್ತದೆ. ಅದರದೇ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಹಮದಾಬಾದಿನಲ್ಲಿದ್ದು, ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಪ್ರಶ್ನಾವಳಿಯ ಕರಡನ್ನು ಅಲ್ಲಿಗೆ ಕಳುಹಿಸಿ ಸಲಹೆ ಕೇಳಬಹುದು. ಅದಕ್ಕೂ ಮೊದಲು ನಿಮ್ಮೂರಿನ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದ ಅಧ್ಯಾಪಕರನ್ನು ಜೊತೆಗೂಡಿಸಿಕೊಳ್ಳಿ. ಶ್ವಾಸಕೋಶದ ಬಲ ಅಳೆಯುವ ಸ್ಪೈರೋಮೀಟರ್ ಅವರ ಬಳಿ ಸಿಗಬಹುದು, ನೈತಿಕ ಸಮಿತಿಯ ಒಪ್ಪಿಗೆಗೂ ಅವರ ಮೂಲಕವೇ ಹೋಗುವುದು ಸುಲಭ.