ಭಾನುವಾರ ಹೊರಡುವಾಗ ಜೇಬಿನಲ್ಲೊಂದು ಮ್ಯಾಗ್ನೆಟ್ ಇರಲಿ

ನ್ಯೂಯಾರ್ಕಿಗೆ ಬಂದು ಎರಡು ತಿಂಗಳಾಯ್ತು, ಆಫೀಸು-ರೂಮು ಬಿಟ್ಟರೆ ಏನೂ ಗೊತ್ತಿಲ್ಲ, ಭಾನುವಾರ ಬಂತೆಂದರೆ ಬೇಜಾರು ಅಂತ ಬರೆದಿದ್ದೀರಿ. ನನಗೂ ಮೊದಲ ಚಳಿಗಾಲ ಹಾಗೇ ಹೋಯ್ತು. ಕನ್ನಡ ಕೂಟ, ದೇವಸ್ಥಾನದ ವಿಷಯ ಬೇರೆಯವರು ಹೇಳುತ್ತಾರೆ ಬಿಡಿ. ನೀವು ಫ್ರಿಜ್ ಮೇಲಿನ ಮ್ಯಾಗ್ನೆಟ್ ಒಂದನ್ನು ಜೇಬಿಗೆ ಹಾಕಿಕೊಂಡು 6ನೇ ನಂಬರ್ ರೈಲು ಹತ್ತಿ. ಸ್ಪ್ರಿಂಗ್ ಸ್ಟ್ರೀಟಿನಲ್ಲಿ ಇಳಿದು, ಬ್ರಾಡ್‌ವೇ ಮತ್ತು ಬ್ರೂಮ್ ಸ್ಟ್ರೀಟ್ ಸೇರುವ ಮೂಲೆಗೆ ನಡೆಯಿರಿ.

ಅಲ್ಲಿ ಐದು ಮಹಡಿಯ ಹಾವೌಟ್ ಬಿಲ್ಡಿಂಗ್ ಇದೆ. ಕಂಬ, ಕಮಾನು ನೋಡಿದರೆ ಕಲ್ಲಿನ ಕೆತ್ತನೆಯೇ ಅನ್ನಿಸುತ್ತದೆ. ಮ್ಯಾಗ್ನೆಟ್ ಇಟ್ಟು ನೋಡಿ, ಟಕ್ ಅಂತ ಹಿಡಿಯುತ್ತದೆ! ಅಜ್ಜಿಯ ದೋಸೆ ಕಾವಲಿ ಇತ್ತಲ್ಲ, ಅದೇ ಬೀಡು ಕಬ್ಬಿಣ, ಮೇಲೆ ಬಣ್ಣ ಅಷ್ಟೇ. 1857ರಲ್ಲಿ ಕಟ್ಟಿದ್ದು. ಡೇನಿಯಲ್ ಬ್ಯಾಜರ್ ಅವರ ಫೌಂಡ್ರಿಯಲ್ಲಿ ತುಂಡು ತುಂಡಾಗಿ ಎರಕ ಹೊಯ್ದು, ಇಲ್ಲಿಗೆ ತಂದು ಬೋಲ್ಟ್ ಬಿಗಿದು ನಿಲ್ಲಿಸಿದರು. ಒಂದೇ ಕಮಾನು ಸಾಲುಸಾಲಾಗಿ ಕಾಣುವುದು ಅದಕ್ಕೇ. ಅಚ್ಚು ಒಂದಿದ್ದರೆ ಎಷ್ಟು ಬೇಕಾದರೂ ಹೊಯ್ಯಬಹುದು, ಕಲ್ಲುಕುಟಿಗರ ಕೂಲಿ ಉಳಿಯುತ್ತದೆ. ಕಂಬಗಳು ಸಣ್ಣವಾದ್ದರಿಂದ ಕಿಟಕಿಗಳೂ ದೊಡ್ಡವು.

ಆಗ ಪಿಂಗಾಣಿ, ಗಾಜು, ಬೆಳ್ಳಿ ಸಾಮಾನಿನ ಅಂಗಡಿ ಅದು. ಲಿಂಕನ್ ಪತ್ನಿ ಮೇರಿ ವೈಟ್ ಹೌಸಿಗೆ ತಟ್ಟೆಗಳ ಸೆಟ್ ತರಿಸಿದ್ದು ಇಲ್ಲಿಂದಲೇ. ಅದಕ್ಕಿಂತ ದೊಡ್ಡ ವಿಷಯ ಲಿಫ್ಟು. ಅಂಗಡಿಯಲ್ಲಿ ಜನ ಹತ್ತಲೆಂದು ಲಿಫ್ಟ್ ತಯಾರಕ ಎಲಿಷಾ ಓಟಿಸ್ ಮೊದಲ ಲಿಫ್ಟ್ ಹಾಕಿದ್ದು ಇಲ್ಲಿ. ಉಗಿಯಿಂದ ನಡೆಯುತ್ತಿತ್ತು, ನಿಮಿಷಕ್ಕೆ 40 ಅಡಿ. ಐದೇ ಮಹಡಿಗೆ ಲಿಫ್ಟ್ ಯಾಕೆ? ಅದನ್ನು ನೋಡಲಿಕ್ಕಾದರೂ ಗಿರಾಕಿ ಬರಲಿ ಅಂತ! ನನ್ನ ಮೊದಲ ಮನೆಯ ಲಿಫ್ಟು ಎರಡು ವಾರ ಕೆಟ್ಟು, ಸೋನಾ ಮಸೂರಿ ಮೂಟೆ ಹೊತ್ತು ನಾಲ್ಕು ಮಹಡಿ ಹತ್ತಿದಾಗ ಓಟಿಸ್ ಮೇಲೆ ಗೌರವ ಜಾಸ್ತಿಯಾಯ್ತು.

ಇಷ್ಟೆಲ್ಲಾ ನೆಲಸಮ ಆಗಬೇಕಿತ್ತು ಗೊತ್ತಾ? ನಗರದ ರಸ್ತೆ, ಸೇತುವೆಗಳ ಯೋಜನೆ ಹಾಕುತ್ತಿದ್ದ ಅಧಿಕಾರಿ ರಾಬರ್ಟ್ ಮೋಸೆಸ್ ಈ ಬೀದಿಗಳ ಮೇಲೆ ಹತ್ತು ಲೇನಿನ ಹೈವೇ ಎಳೆಯಲು ಹೊರಟಿದ್ದರು. ಲೇಖಕಿ ಜೇನ್ ಜೇಕಬ್ಸ್ ಮತ್ತು ಇಲ್ಲಿನ ಜನ ಬಿಡಲಿಲ್ಲ. 1969ರಲ್ಲಿ ಯೋಜನೆ ಕೈಬಿಟ್ಟರು. 1965ರಲ್ಲೇ ಕಟ್ಟಡಕ್ಕೆ ರಕ್ಷಣೆ ಸಿಕ್ಕಿತ್ತು.

ಅಲ್ಲಿಂದ ಗ್ರೀನ್ ಸ್ಟ್ರೀಟಿಗೆ ತಿರುಗಿ, ಪ್ರತಿ ಕಂಬಕ್ಕೂ ಮ್ಯಾಗ್ನೆಟ್ ಹಚ್ಚುತ್ತಾ ಹೋಗಿ. ಅಂಟದಿದ್ದರೆ ಕಲ್ಲೋ ಇಟ್ಟಿಗೆಯೋ. ಯಾರೂ ಏನೂ ಅನ್ನುವುದಿಲ್ಲ. ಗ್ಲೌಸ್ ಮಾತ್ರ ಹಾಕಿಕೊಳ್ಳಿ, ಜನವರಿಯಲ್ಲಿ ಆ ಕಬ್ಬಿಣ ಮುಟ್ಟಿದರೆ ಬೆರಳು ಚುರ್ ಅನ್ನುತ್ತದೆ.